ಶಿಶುನಾಳಕ್ಕ ಹೊಂಟೀರಿ ಅಂದ್ರ, ಹೆಸರು ಕೇಳಿ ರೇಟ್ ಹೇಳಾಂವನ ಕೈಗೆ ಸಿಗಬ್ಯಾಡ್ರಿ

ಹುಬ್ಬಳ್ಳಿ ಕಡೆಯಿಂದ ಶರೀಫಜ್ಜಾರ ಗದ್ದಿಗಿಗೆ ಹೋಗೋರು ಇದನ್ನ ಪೂರಾ ಓದ್ರಿ, ವಯಸ್ಸಾದ ಹೆಣ್ಮಕ್ಕಳನ್ನ ಕರ್ಕೊಂಡು ಹೋಗೋರಂತೂ ತಪ್ಪದ ಓದ್ರಿ. ನಮ್ಮದು 5,100 ರೂಪಾಯಿ ಹೋತು, ಆದ್ರ ನಾ ಬರಿಯಾಕತ್ತಿದ್ದು ಬರೇ ರೊಕ್ಕದ ಸಲುವಾಗಿ ಅಲ್ಲ.

ನಮ್ಮವ್ವಗ ಮೊಣಕಾಲ ಆಪರೇಶನ್ ಆಗಿತ್ತು. ಚೊಲೋತ್ನಂಗ ನಡದಾಡಿದ್ರ ಶಿಶುನಾಳಕ್ಕ ಬಂದು ಕಾಯಿ ಒಡಸ್ತೇನಿ, ಸಕ್ಕರಿ ಓದಸ್ತೇನಿ (ಸಕ್ಕರಿ ಇಟ್ಟು ಫಾತೇಹಾ ಓದಸೂದು) ಅಂತ ಹರಕಿ ಹೊತ್ತಿದ್ಲು. ಬಾಜೂ ಮನಿ ಮುಸಲ್ಮಾನರ ಖಾಲಾನೂ ಅವ್ವನ ಸಲುವಾಗಿ ಅದ ಹರಕಿ ಹೊತ್ತಿದ್ರು. ಇಬ್ಬರದೂ ಮೂವತ್ತ ವರ್ಷದ ಗೆಳೆತನ. ಯಮನೂರ ಜಾತ್ರಿಗೆ ಇಬ್ಬರೂ ಕೂಡೇ ಹೋಗಿ ಬೆಣ್ಣಿಹಳ್ಳದಾಗ ಜಳಕಾ ಮಾಡಿ ಬರೋರು, ಅವ್ವ ಚಾಂಗದೇವ ಅಂತಾಳ ಖಾಲಾ ರಾಜಾಬಾಗಸವಾರ ಅಂತಾರ, ಕೈ ಮುಗಿಯೋ ಜಾಗಾ ಒಂದ, ಇಷ್ಟ ವರ್ಷದಾಗ ಇಬ್ಬರ ನಡಕ ಒಂದ ದಿನಾನೂ ನಿಮ್ದು ನಮ್ದು ಅನ್ನೋ ಮಾತ ಬಂದಿಲ್ಲ.

ರವಿವಾರ ಮುಂಜಾನೆ ಇಬ್ಬರನ್ನೂ ಕರ್ಕೊಂಡು ಕುಂದಗೋಳ ದಾರಿ ಹಿಡದು ಹೋದ್ವಿ. ಗಾಡಿ ನಿಲ್ಲಿಸಿ ಅವ್ವನ ಕೈ ಹಿಡದು ಇಳಸಾಕತ್ತಿದ್ದೆ, ಅಷ್ಟರಾಗ ಒಬ್ಬಾಂವ ಬಂದ, ನಾ ಅಜ್ಜಾರ ಸೇವಾದಾಗ ಇರಾಂವ, ಹೆಸರು ಹೇಳ್ರಿ ಸಂಕಲ್ಪಕ್ಕ ಬೇಕು ಅಂದ. ಇಬ್ಬರೂ ಹೆಸರು ಹೇಳಿದ್ರು. ಹೆಸರು ಕೇಳಿದ್ದ ತಡ, ಹಂಗಾದ್ರ ನಿಮ್ದು ಬ್ಯಾರೆ ಬ್ಯಾರೆ ಆಗ್ತೈತ್ರಿ, ಇವರದು ಪೂಜಾ 1,500, ಇವರದು ಓದಿಕಿ 1,500, ಮ್ಯಾಲೆ ಇಬ್ಬರಿಗೂ ಒಂದೊಂದ ತಾಯತ, ಎರಡೂ ಕೂಡಿ 2,100 ಅಂದ. ನನಗ ಅವಾಗ ಸಂಶೆ ಬರಬೇಕಿತ್ತು. ಆದ್ರ ಅವ್ವ ಹರಕಿ ವಿಷಯದಾಗ ಚೌಕಾಶಿ ಮಾಡಬ್ಯಾಡ ಅಂತ ಕಣ್ಣ ಸನ್ನಿ ಮಾಡಿದ್ಲು, ಅಂವ ಫೋನ್‌ನಾಗಿನ ಸ್ಕ್ಯಾನರ್ ಮುಂದ ಹಿಡದ, ನಾ ಹಾಕಿಬಿಟ್ಟೆ.

ಆಮ್ಯಾಲೆ ಕಾಯಿ, ಸಕ್ಕರಿ ಎಲ್ಲಾ ತಾನ ತಗೊಂಡು ಹ್ವಾದ. ಹತ್ತ ನಿಮಿಷಕ್ಕ ಒಡದ ಕಾಯಿ ತಂದು ಕೊಟ್ಟ, ಒಳಗ ಭಾಳ ಗದ್ದಲ ಐತಿ, ಇಲ್ಲಿಂದನ ಕೈ ಮುಗದು ಹೋಗ್ರಿ ಅಂದ. ಅವ್ವ ಕೇಳ್ಲಿಲ್ಲ. ಇಷ್ಟ ದೂರ ಬಂದು ಗದ್ದಿಗಿ ನೋಡದ ಹೋಗೂದಿಲ್ಲ ಅಂತ ಕುಂಟ್ಕೋತನ ಒಳಗ ಹೋದ್ಲು. ಗದ್ದಲ ಏನೂ ಇರ್ಲಿಲ್ಲ. ಯಾರೂ ನಮ್ಮ ಹೆಸರು ಕೇಳಲಿಲ್ಲ, ಕುಲಾ ಕೇಳಲಿಲ್ಲ, ನಮ್ಮ ಮುಂದ ಒಬ್ಬರು ಕಾಯಿ ಕೊಟ್ರು, ಅವರ ಬಾಜೂಕ ಇನ್ನೊಬ್ರು ಸಕ್ಕರಿ ಕೊಟ್ರು, ಅಷ್ಟ. ನಾ ರೇಟಿನ ಬಗ್ಗೆ ಕೇಳಿದ್ದಕ್ಕ ಅಲ್ಲಿದ್ದ ಹಿರಿಯಾರೊಬ್ರು ಹಂಗೇನೂ ಇಲ್ಲಪಾ, ಯಾರ ಹೇಳಿದ್ರು ನಿನಗ ಅಂತ ಗಾಬರಿ ಆದ್ರು. ಗದ್ದಿಗಿಯವರದು ಇದರಾಗ ಏನೇನೂ ತಪ್ಪಿಲ್ಲ, ಇದನ್ನ ಮತ್ತ ಮತ್ತ ಹೇಳ್ತೇನಿ. ಹೊರಗ ಬಂದು ನೋಡಿದ್ರ ಅಂವ ಇಲ್ಲ. ಕೊಟ್ಟ ನಂಬರ್ ಸ್ವಿಚ್ ಆಫ್, ಸ್ಕ್ಯಾನ್ ಮಾಡಿದಾಗ ಬಂದ ಹೆಸರು ಅಂವ ಹೇಳಿದ ಹೆಸರಲ್ಲ.

ವಾಪಸ್ ಬರುವಾಗ ಹಿಂದಿನ ಸೀಟಿನಾಗ ಇಬ್ಬರೂ ಸುಮ್ನ ಕುಂತಿದ್ರು. ರೊಕ್ಕ ಹೋಗಿದ್ದಕ್ಕ ಬ್ಯಾಸರ ಮಾಡ್ಕೊಂಡಾರ ಅಂತ ತಿಳಕೊಂಡೆ. ರಾತ್ರಿ ಊಟಕ್ಕ ಕುಂತಾಗ ಅವ್ವ ಹೇಳಿದ್ಲು, ನಾ ರೊಕ್ಕ ಹಾಕೂಮುಂದ ಅಂವ ಆಕಿ ಕಿವ್ಯಾಗ "ಅವರನ್ನ ಜೋಡಿ ಕರ್ಕೊಂಡು ಬಂದ್ರ ನಿಮ್ಮ ಹರಕಿ ಮುಟ್ಟೂದಿಲ್ಲವ್ವಾ" ಅಂದಿದ್ದನಂತ. ಮರುದಿನ ಖಾಲಾ ನನ್ನ ಹೆಂಡ್ತಿ ಮುಂದ ಅತ್ರು. ಅವರಿಗೂ ಅದ ಮಾತನ್ನ ಉರ್ದುದಾಗ ಹೇಳಿದ್ದ.

ಎಂಥಾ ಜಾಗಾದಾಗ ನಿಂತು ಹೇಳಿದ ನೋಡ್ರಿ. ಹುಲಗೂರ ಸೂಫಿ ಸಂತ ಖಾದರಿ ಅಜ್ಜಾರಿಗೆ ನಡಕೊಂಡ ಇಮಾಮ ಸಾಹೇಬ್ರ ಮಗಾ ಶರೀಫಜ್ಜ, 1819 ರಾಗ ಹುಟ್ಟಿದವರು. ಅವರ ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು, ಮುಸಲ್ಮಾನರ ಹುಡುಗನ್ನ ಶಿಷ್ಯಾ ಅಂತ ಅಪ್ಪಿಕೊಂಡು ಜನಿವಾರ ಹಾಕಿದ್ರು ಅಂತ ನಮ್ಮ ಕಡೆ ಸಣ್ಣ ಹುಡುಗ್ರೂ ಹೇಳ್ತಾರ. 1889 ರಾಗ ಅಜ್ಜ ದೇಹ ಬಿಟ್ಟಾಗ ಎರಡೂ ಪದ್ಧತಿಯೊಳಗ ಕ್ರಿಯಾ ಮಾಡಿದ್ರು ಅಂತಾರ. ಅದ ಮಣ್ಣಿನ ಮ್ಯಾಲೆ ನಿಂತು ಇಬ್ಬರು ಮುದುಕ್ಯಾರನ್ನ ಬ್ಯಾರೆ ಮಾಡಿ ಇಬ್ಬರ ಕಡಿಂದನೂ ರೊಕ್ಕ ಕಿತ್ತಾನ, ನನಗ ಅದನ್ನ ನೆನಸಿದ್ರ ಇನ್ನೂ ಹೊಟ್ಟಿ ಉರೀತೈತಿ.

ಸೈಬರ್ ಮೋಸದ ಸಹಾಯವಾಣಿ 1930 ನಂಬರಿಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟೇನಿ. ನನಗ ಹೊಳದಿದ್ದು ಮರುದಿನ, ನೀವು ಮೋಸ ಹೋದ್ರ ಅದ ತಾಸಿನ್ಯಾಗ ಮಾಡ್ರಿ, ತಡಾ ಆದಷ್ಟೂ ರೊಕ್ಕ ಮುಂದ ಹೋಗಿಬಿಡ್ತೈತಿ. ಸ್ಕ್ರೀನ್‌ಶಾಟ್ ಅಳಸಬ್ಯಾಡ್ರಿ.

ತಾಯತ ಎರಡೂ ಬಿಚ್ಚಿ ಒಗದೇವಿ. ಅವ್ವ, ಖಾಲಾ ಈಗ ಮತ್ತ ಮಾತಾಡ್ತಾರ, ಬರೋ ತಿಂಗಳ ಇಬ್ಬರನ್ನೂ ಕರ್ಕೊಂಡು ಇನ್ನೊಮ್ಮೆ ಹೊಂಟೇವಿ, ಹರಕಿ ತಮ್ಮ ಕೈಯಾರ ಮುಟ್ಟಿಸಬೇಕಂತ. ನೀವೂ ಹೋಗೋರಿದ್ರ ಕಾಯಿ ಸಕ್ಕರಿ ನಿಮ್ಮ ಕೈಯಾಗ ಇರ್ಲಿ, ರಸ್ತೆದಾಗ ಯಾರ ಕರದ್ರೂ ನಿಲ್ಲಬ್ಯಾಡ್ರಿ, ಸೀದಾ ಗದ್ದಿಗಿ ತನಕ ಹೋಗ್ರಿ.