ಹಾಟ್‌ಸ್ಪಾಟ್ ಮೇಲೆ ಗೇಮ್ ಆಡುವವರು ಏನು ಕೊಳ್ಳಬೇಕು? ಜಿಒಜಿ, ಸ್ಟೀಮ್, ಡೆನುವೊ ಮತ್ತು ಇನ್ನೂರು ರೂಪಾಯಿಯ ‘ಆಫ್‌ಲೈನ್ ಆಕ್ಟಿವೇಶನ್’

ಸ್ಟೀಮ್, ಜಿಒಜಿ ಎರಡೂ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳು. ಡೆನುವೊ ಎಂದರೆ ಗೇಮ್ ನಕಲಾಗದಂತೆ ಕೆಲವು ಕಂಪನಿಗಳು ಹಾಕುವ ಬೀಗ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಿಒಜಿಯ ಆಫ್‌ಲೈನ್ ಇನ್‌ಸ್ಟಾಲರ್‌ಗೆ, ಅಂದರೆ ಒಮ್ಮೆ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ಗೇಮ್ ಹಾಕಿಕೊಳ್ಳಬಹುದಾದ ಫೈಲಿಗೆ. ಎರಡನೇ ಜಾಗ ಡೆನುವೊ ಇಲ್ಲದ ಸ್ಟೀಮ್ ಗೇಮ್‌ಗೆ. ಡೆನುವೊ ಇರುವ ಗೇಮ್ ಅವಸರವಿಲ್ಲದಿದ್ದರೆ ಬೇಡ. ಟೆಲಿಗ್ರಾಂನಲ್ಲಿ ಮಾರುವ ‘ಆಫ್‌ಲೈನ್ ಆಕ್ಟಿವೇಶನ್’ ಅಂತೂ ಬೇಡವೇ ಬೇಡ.

ಇದನ್ನು ಬರೆದದ್ದು ಕಲಬುರಗಿಯಲ್ಲಿ ಹಾಸ್ಟೆಲ್ಲೋ ಬಾಡಿಗೆ ರೂಮೋ ಹಿಡಿದು, ಫೋನಿನ ಹಾಟ್‌ಸ್ಪಾಟ್ ಮೇಲೆ ಲ್ಯಾಪ್‌ಟಾಪ್ ನಡೆಸಿ, ರಜೆ ಬಿದ್ದ ಕೂಡಲೇ ಸೇಡಂ, ಚಿಂಚೋಳಿ, ಅಫಜಲಪುರ ಕಡೆಯ ಊರಿಗೆ ಹೋಗುವವರಿಗಾಗಿ. ಮನೆಗೆ ಫೈಬರ್ ಎಳೆಸಿಕೊಂಡು ದಿನಾ ವ್ಯಾಲೊರಂಟ್ ಆಡುವವರಿಗೆ ಇದರಿಂದ ಉಪಯೋಗವಿಲ್ಲ. ಆ ಗೇಮ್ ನೆಟ್ ಇಲ್ಲದೆ ಹೇಗೂ ನಡೆಯುವುದಿಲ್ಲ. ಗ್ರಾಫಿಕ್ಸ್, ಎಫ್‌ಪಿಎಸ್ ಮಾತು ಇಲ್ಲಿಲ್ಲ. ದುಡ್ಡು ಕೊಟ್ಟ ಗೇಮ್ ಬೇಕಾದಾಗ ತೆರೆಯುತ್ತದೋ ಇಲ್ಲವೋ, ಅಷ್ಟೇ.

ಇನ್ನೂರು ರೂಪಾಯಿಯ ದಾರಿ

ಹೆಚ್ಚು ಜನ ಬೀಳುವುದು ಇಲ್ಲೇ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ನಾಲ್ಕು ಸಾವಿರದ ಹೊಸ ಗೇಮ್ ಇನ್ನೂರಕ್ಕೆ ಎಂದು ಜಾಹೀರಾತು ಬರುತ್ತದೆ. ದುಡ್ಡು ಹಾಕಿದರೆ ಸಿಗುವುದು ಗೇಮ್ ಅಲ್ಲ, ಮಾರುವವನ ಸ್ಟೀಮ್ ಖಾತೆಯ ಹೆಸರು, ಪಾಸ್‌ವರ್ಡ್. ಲಾಗಿನ್ ಆಗಲು ಬೇಕಾದ ಸ್ಟೀಮ್ ಗಾರ್ಡ್ ಕೋಡ್ ಅವನ ಫೋನಿಗೆ ಬರುತ್ತದೆ, ಅವನು ಕಳಿಸುತ್ತಾನೆ. ನಿಮ್ಮ ಡೇಟಾ ಸುರಿದು ಎಂಬತ್ತು ನೂರು ಜಿಬಿ ಇಳಿಸಿಕೊಳ್ಳುತ್ತೀರಿ. ನೆಟ್ ಇರುವಾಗಲೇ ಒಮ್ಮೆ ಗೇಮ್ ತೆರೆದರೆ ಡೆನುವೊ ನಿಮ್ಮ ಯಂತ್ರದ ಗುರುತು ತೆಗೆದುಕೊಂಡು, ಆ ಖಾತೆಯ ಹೆಸರಿನಲ್ಲಿ ಒಂದು ಟಿಕೆಟ್ (ಈ ಯಂತ್ರದಲ್ಲಿ ಆಡಬಹುದೆಂಬ ಪರವಾನಗಿ) ಇಟ್ಟುಹೋಗುತ್ತದೆ. ಆಮೇಲೆ ಸ್ಟೀಮನ್ನು ಆಫ್‌ಲೈನ್ ಮಾಡಿಸುತ್ತಾನೆ. “ಇನ್ನ ನೆಟ್ ಹಚ್ಚಬ್ಯಾಡ್ರಿ ಅಣ್ಣಾ, ಅಪ್‌ಡೇಟ್ ಅಂತೂ ಮಾಡಲೇಬ್ಯಾಡ್ರಿ” ಎಂದು ಹೇಳಿ ಪಾಸ್‌ವರ್ಡ್ ಬದಲಿಸಿ, ಅದೇ ಖಾತೆಯನ್ನು ಮುಂದಿನವನಿಗೆ ಮಾರುತ್ತಾನೆ. “ಇವತ್ತ ಆಗಂಗಿಲ್ಲ, ನಾಳೆ ಮಾಡಿಕೊಡ್ತೀನಿ” ಎಂದನೇ? ಡೆನುವೊ ಇರುವ ಬಹಳಷ್ಟು ಗೇಮ್‌ಗಳಿಗೆ ಒಂದು ಖಾತೆಯಿಂದ ದಿನಕ್ಕೆ ಐದೇ ಬೇರೆ ಬೇರೆ ಪಿಸಿ ಎಂಬ ಮಿತಿ ಇದೆ. ಅವತ್ತಿನ ಐದು ಮುಗಿದಿವೆ ಎಂದರ್ಥ.

ಮೊದಲ ವಾರ ಎಲ್ಲ ಚೆಂದ. ಕೆಡುವುದು ಆ ಟಿಕೆಟ್ ಸತ್ತಾಗ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಕೂತರೆ ಸಾಯಬಹುದು. ಪ್ರೊಸೆಸರ್ ಇಲ್ಲವೇ ಮದರ್‌ಬೋರ್ಡ್ ಬದಲಿಸಿದರೆ, ಗೇಮ್‌ಗೇ ಹೊಸ ಪ್ಯಾಚ್ (ತಿದ್ದುಪಡಿ ಫೈಲು) ಬಂದು ಕೂತರೆ ಹೊಸ ಟಿಕೆಟ್ ಕೇಳುತ್ತದೆ. ಅದಕ್ಕೆ ಅದೇ ಖಾತೆಯಿಂದ ಲಾಗಿನ್ ಆಗಬೇಕು. ಪಾಸ್‌ವರ್ಡ್ ಬದಲಾಗಿದೆ, ಮಾರಿದವನ ಚಾನೆಲ್ಲೇ ಮಾಯವಾಗಿದೆ. ಮಾರುವವರು ಹೇಳಿಕೊಡುವ ಉಪಾಯ ವಿಂಡೋಸ್ ಅಪ್‌ಡೇಟ್ ನಿಲ್ಲಿಸುವುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟನ್ನು ಐದು ವಾರದ ತನಕ ತಡೆಹಿಡಿಯಬಹುದು, ಅದು ಮುಗಿದ ಮೇಲೆ ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೂ ಮೀರಿ ಸರ್ವಿಸನ್ನೇ ಬಂದ್ ಮಾಡಿಸುವವರಿದ್ದಾರೆ. ಪರೀಕ್ಷೆ ಫಾರ್ಮ್, ಸ್ಕಾಲರ್‌ಶಿಪ್ ಅರ್ಜಿ, ಬ್ಯಾಂಕ್ ಲಾಗಿನ್ ಎಲ್ಲ ಇರುವ ಲ್ಯಾಪ್‌ಟಾಪಿಗೆ ಒಂದು ಗೇಮ್ ಸಲುವಾಗಿ ಭದ್ರತಾ ಪ್ಯಾಚ್ ತಪ್ಪಿಸುವುದು ಯಾವ ಲೆಕ್ಕಕ್ಕೂ ಲಾಭವಲ್ಲ.

ಇನ್ನೊಂದು ಪೆಟ್ಟು ಕೊನೆಗೆ ಬೀಳುತ್ತದೆ. ಬೇಸತ್ತು ಅದೇ ಗೇಮನ್ನು ಸ್ವಂತ ಖಾತೆಯಲ್ಲಿ ಕೊಂಡರೂ ಹಳೆಯ ಸೇವ್ (ಎಲ್ಲಿಯ ತನಕ ಆಡಿದ್ದೀರೆಂಬ ದಾಖಲೆ) ಹತ್ತುತ್ತದೆಂಬ ಖಾತ್ರಿ ಇಲ್ಲ. ಕೆಲವು ಗೇಮ್‌ಗಳು ಸೇವ್ ಫೈಲನ್ನು ಸ್ಟೀಮ್ ಐಡಿಗೆ ಕಟ್ಟಿಹಾಕುತ್ತವೆ. ಮಾರುವವನ ಐಡಿಯಲ್ಲಿ ಆಡಿದ್ದು ಅವನ ಹೆಸರಿಗೇ ಹೋಯಿತು. ಖಾತೆ ಮಾರುವುದು, ಹಂಚುವುದು ಸ್ಟೀಮ್ ಕರಾರಿಗೆ ವಿರುದ್ಧ, ಹಾಗಾಗಿ ಸ್ಟೀಮ್‌ಗೆ ದೂರು ಕೊಟ್ಟು ಪ್ರಯೋಜನವಿಲ್ಲ.

ಹಂಚಿಕೊಳ್ಳಲೇಬೇಕೆಂದರೆ ಸರಿಯಾದ ದಾರಿ ಸ್ಟೀಮ್ ಫ್ಯಾಮಿಲೀಸ್. ಒಟ್ಟು ಆರು ಜನ, ಒಂದೇ ಮನೆಯವರು. ಅಣ್ಣನ ಗೇಮ್ ತಮ್ಮ ತನ್ನದೇ ಖಾತೆಯಲ್ಲಿ, ತನ್ನದೇ ಸೇವ್‌ನಲ್ಲಿ ಆಡಬಹುದು. ಒಂದೇ ಪ್ರತಿ ಇದ್ದರೆ ಇಬ್ಬರೂ ಒಟ್ಟಿಗೆ ಅದೇ ಗೇಮ್ ಆಡಲು ಬರುವುದಿಲ್ಲ. ಫ್ಯಾಮಿಲಿ ಬಿಟ್ಟ ವಯಸ್ಕರು ಬೇರೆ ಫ್ಯಾಮಿಲಿ ಸೇರಲು ಒಂದು ವರ್ಷ ಕಾಯಬೇಕು. ಹಾಸ್ಟೆಲ್ ಗೆಳೆಯರ ಜೊತೆ ಮಾಡಿಕೊಳ್ಳುವಂಥದ್ದಲ್ಲ ಇದು.

ಡೆನುವೊ, ಸ್ವಂತ ಖಾತೆಯಲ್ಲಿ

ಸ್ವಂತ ದುಡ್ಡು, ಸ್ವಂತ ಖಾತೆ ಇದ್ದರೆ ಡೆನುವೊ ಅಷ್ಟು ಕಾಡುವುದಿಲ್ಲ. 2014ರಲ್ಲಿ ಫಿಫಾ 15ರ ಜೊತೆ ಬಂದ ಈ ಆಸ್ಟ್ರಿಯಾದ ಬೀಗ ಸತತ ನೆಟ್ ಕೇಳುವುದಿಲ್ಲ, ಟಿಕೆಟ್ ಪಡೆಯುವಾಗ ಮಾತ್ರ ಕೇಳುತ್ತದೆ. ತೊಂದರೆ ಎಂದರೆ ಅದು ಯಾವಾಗ ಕೇಳುತ್ತದೆಂದು ನಮಗೆ ಮೊದಲೇ ಗೊತ್ತಾಗುವುದಿಲ್ಲ. ಊರಿಗೆ ಹೋಗಿ, ವಿಂಡೋಸ್ ಅಪ್‌ಡೇಟ್ ಆಗಿ, ಫೋನಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವಾಗಲೇ ಕೇಳಬಹುದು. ಡೆನುವೊ ಕಂಪನಿಯ ಕಡೆಯೇ ಕೆಡುವುದೂ ಉಂಟು: 2021ರ ನವೆಂಬರಿನಲ್ಲಿ ಡೆನುವೊದ ಡೊಮೇನ್ (ಸರ್ವರಿನ ನೆಟ್ ವಿಳಾಸ) ಅವಧಿ ಮುಗಿದು, ದುಡ್ಡು ಕೊಟ್ಟು ಕೊಂಡವರ ಗೇಮ್‌ಗಳೇ ತೆರೆಯಲಿಲ್ಲ. ಅದೇ ವರ್ಷ ಬಂದ ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಸಣ್ಣ ಕೋರ್‌ಗಳನ್ನು (ಪ್ರೊಸೆಸರಿನೊಳಗಿನ ಸಣ್ಣ ಭಾಗಗಳನ್ನು) ಬೇರೆ ಯಂತ್ರವೆಂದು ತಿಳಿದು ಕೆಲವು ಗೇಮ್‌ಗಳು ತೆರೆಯದೆ ಹಟ ಹಿಡಿದಿದ್ದವು. ಆಮೇಲೆ ಪ್ಯಾಚ್ ಬಂತು.

ಬಿಡುಗಡೆಯಾಗಿ ಕೆಲವು ತಿಂಗಳಾದ ಮೇಲೆ ಎಷ್ಟೋ ಕಂಪನಿಗಳು ತಾವೇ ಡೆನುವೊ ತೆಗೆದುಹಾಕುತ್ತವೆ. ಅಷ್ಟರಲ್ಲಿ ಬೆಲೆಯೂ ಇಳಿದಿರುತ್ತದೆ. ಕಾಯುವುದಕ್ಕೆ ಎರಡು ಕಾರಣವಾಯಿತು.

ಸ್ಟೀಮ್

ಬೆಲೆ ರೂಪಾಯಿಯಲ್ಲಿ, ಯುಪಿಐ ನಡೆಯುತ್ತದೆ, ಕೊಂಡ 14 ದಿನದೊಳಗೆ ಆಡಿದ್ದು ಎರಡು ಗಂಟೆ ಮೀರದಿದ್ದರೆ ದುಡ್ಡು ವಾಪಸ್. ಕೊಳ್ಳುವ ಮೊದಲು ಪುಟದ ಬಲಗಡೆಯ ಪಟ್ಟಿ ಓದಿ: ಡೆನುವೊ, ದಿನಕ್ಕೆ ಐದು ಪಿಸಿ ಮಿತಿ, ಬೇರೆ ಕಂಪನಿಯ ಖಾತೆ ಬೇಕು ಎಂಬ ಷರತ್ತು, ಎಲ್ಲ ಅಲ್ಲೇ ಬರೆದಿರುತ್ತದೆ.

ಊರಿಗೆ ಹೋಗುವ ಮುನ್ನ ಹೀಗೆ ಮಾಡಿ. ಲಾಗಿನ್ ಆಗುವಾಗ ‘ನೆನಪಿಡು’ ಗುರುತು ಹಾಕಿರಲಿ. ಡೌನ್‌ಲೋಡ್ ಪಟ್ಟಿ ಖಾಲಿಯಾಗಲಿ. ಪ್ರತಿ ಗೇಮನ್ನೂ ನೆಟ್ ಇರುವಾಗ ಒಮ್ಮೆ ತೆರೆದು ಮುಖ್ಯ ಮೆನು ತನಕ ಹೋಗಿ. ಗೇಮ್ ನಡೆಯಲು ಬೇಕಾದ ಡೈರೆಕ್ಟ್‌ಎಕ್ಸ್, ವಿಷುವಲ್ ಸಿ++ ಫೈಲುಗಳು ಕೂಡುವುದು ಈ ಮೊದಲ ಸಲದಲ್ಲೇ. ಆಮೇಲೆ ಸ್ಟೀಮ್ ಮೆನುವಿನಲ್ಲಿ ‘ಗೋ ಆಫ್‌ಲೈನ್’ ಒತ್ತಿ, ವೈಫೈ ಆರಿಸಿ, ಮತ್ತೊಮ್ಮೆ ತೆರೆದು ನೋಡಿ. ಇಷ್ಟಾದ ಮೇಲೆ ಬಸ್ ಹತ್ತಿ.

ಊರಿನಲ್ಲಿ “ಐದು ನಿಮಿಷ ಹಾಟ್‌ಸ್ಪಾಟ್ ಹಚ್ಚೋಣ” ಎಂದು ಸ್ಟೀಮನ್ನು ಆನ್‌ಲೈನ್ ತಂದಿರೋ, ಕೆಟ್ಟಿತು. ಗೇಮ್‌ಗೆ ಹನ್ನೆರಡು ಜಿಬಿ ಪ್ಯಾಚ್ ಬಂದಿದೆ ಎಂದು ಅದಕ್ಕೆ ಗೊತ್ತಾದ ಮೇಲೆ ‘ಆಡು’ ಗುಂಡಿ ಇದ್ದ ಜಾಗದಲ್ಲಿ ‘ಅಪ್‌ಡೇಟ್’ ಕೂಡುತ್ತದೆ. ದಿನಕ್ಕೆ ಎರಡು ಜಿಬಿಯ ಪ್ಯಾಕ್‌ನಲ್ಲಿ ಅದು ವಾರದ ಕೆಲಸ.

ಡೇಟಾ ಉಳಿಸಲು 2023ರಲ್ಲಿ ಬಂದ ಒಂದು ಸೌಲಭ್ಯ ಬಹಳ ಜನಕ್ಕೆ ಗೊತ್ತಿಲ್ಲ. ಪಕ್ಕದ ರೂಮಿನವನ ಹತ್ತಿರ ಅದೇ ಗೇಮ್ ಇದ್ದರೆ, ಇಬ್ಬರೂ ಒಂದೇ ಹಾಟ್‌ಸ್ಪಾಟ್‌ಗೆ ಸೇರಿ, ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್‌ನಲ್ಲಿ ಲೋಕಲ್ ನೆಟ್‌ವರ್ಕ್ ವರ್ಗಾವಣೆ ಆನ್ ಮಾಡಿದರೆ ಫೈಲುಗಳು ಅವನ ಲ್ಯಾಪ್‌ಟಾಪಿನಿಂದಲೇ ಬರುತ್ತವೆ. ಫೈಲು ಕೊಡುವವನು ಅದನ್ನು ‘ಫ್ರೆಂಡ್ಸ್‌ಗೆ ಮಾತ್ರ’ ಎಂದಿಟ್ಟಿದ್ದರೆ ಸ್ಟೀಮ್‌ನಲ್ಲಿ ಇಬ್ಬರೂ ಫ್ರೆಂಡ್ಸ್ ಆಗಿರಬೇಕು. ಹಾಸ್ಟೆಲ್ ವೈಫೈಯಲ್ಲಿ ಯಂತ್ರಗಳು ಒಂದಕ್ಕೊಂದು ಕಾಣದಂತೆ ಕಟ್ಟಿರುವುದುಂಟು, ಫೋನಿನ ಹಾಟ್‌ಸ್ಪಾಟೇ ಮೇಲು.

ಸೆಕೆಂಡ್ ಹ್ಯಾಂಡ್ ಪಿಸಿಯಲ್ಲಿ ವಿಂಡೋಸ್ 7 ಇದ್ದರೆ ಸ್ಟೀಮ್ ಮರೆತುಬಿಡಿ, 2024ರ ಜನವರಿ 1ರಿಂದ ಅದಕ್ಕೆ ಬೆಂಬಲವಿಲ್ಲ.

ಲಾಂಚರ್ (ಗೇಮ್ ತೆರೆಯುವ ಆ್ಯಪ್) ಒಳಗೊಂದು ಲಾಂಚರ್ ಇರುವ ಗೇಮ್‌ಗಳ ಬಗ್ಗೆ ಒಂದೇ ಮಾತು. ಗೇಮ್ ಕಂಪನಿ ಕೇಳುವ ಎರಡನೇ ಖಾತೆಗೆ ರೀಚಾರ್ಜ್ ನಿಲ್ಲಿಸಿದ ಹಳೆಯ ನಂಬರ್ ಕೊಟ್ಟಿದ್ದರೆ ಓಟಿಪಿ ಬರದೆ, ಸ್ಟೀಮ್‌ನಲ್ಲಿ ಕೊಂಡ ಗೇಮ್ ಸ್ಟೀಮ್‌ನಲ್ಲೇ ಬೀಗ ಬಿದ್ದು ಕೂಡುತ್ತದೆ. ಇಮೇಲ್ ಜೋಡಿಸಿ, ಬ್ಯಾಕಪ್ ಕೋಡ್‌ಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಜಿಒಜಿ

ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2008ರಲ್ಲಿ ಶುರುಮಾಡಿದ ಅಂಗಡಿ. ಲೈಬ್ರರಿಯಲ್ಲಿ ಗೇಮ್ ತೆರೆದು ‘ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್’ ಇಳಿಸಿಕೊಂಡರೆ ಅದರ ಜೊತೆಗಿನ ಲೆಕ್ಕ ಮುಗಿಯಿತು. ಲಾಗಿನ್ ಇಲ್ಲ, ಟಿಕೆಟ್ ಇಲ್ಲ. ಹೊಸ ಲ್ಯಾಪ್‌ಟಾಪಿಗೂ ಅದೇ ಫೈಲು ಸಾಕು. ಗ್ಯಾಲಕ್ಸಿ ಎಂಬ ಅವರ ಆ್ಯಪ್ ಬೇಕಿದ್ದರೆ ಮಾತ್ರ.

ಗೋಳೂ ಇದೆ. ಇನ್‌ಸ್ಟಾಲ್ ಶುರುಮಾಡುವ ಒಂದು ಇಎಕ್ಸ್‌ಇ ಫೈಲು, ಅದರ ಜೊತೆ ಸುಮಾರು ನಾಲ್ಕು ನಾಲ್ಕು ಜಿಬಿಯ ಬಿನ್ ಫೈಲುಗಳು. ನೂರು ಜಿಬಿ ಗೇಮ್ ಎಂದರೆ ಇಪ್ಪತ್ತೈದು ತುಂಡು. ಎಲ್ಲವೂ ಒಂದೇ ಫೋಲ್ಡರಿನಲ್ಲಿ, ಹೆಸರು ಬದಲಿಸದೆ ಇರಬೇಕು. ಬ್ರೌಸರಿನಲ್ಲಿ ಇಳಿಸುವಾಗ ಕರೆಂಟ್ ಹೋಗಿ ರೂಟರ್ ಆರಿದರೆ ಅರ್ಧ ತುಂಡು ಪೂರ್ತಿಯಾದಂತೆ ಕಾಣುವುದುಂಟು. ಅದು ಗೊತ್ತಾಗುವುದು ಇನ್‌ಸ್ಟಾಲ್ ಎಂಬತ್ತು ಪರ್ಸೆಂಟ್ ತಲುಪಿ ‘ಫೈಲ್ ಕೆಟ್ಟಿದೆ’ ಎಂದಾಗ. ಪ್ರತಿ ತುಂಡಿನ ಗಾತ್ರವನ್ನು ಪುಟದಲ್ಲಿರುವ ಗಾತ್ರದೊಂದಿಗೆ ತಾಳೆ ನೋಡಿ, ಕೆಟ್ಟದ್ದನ್ನಷ್ಟೇ ಮತ್ತೆ ಇಳಿಸಿ. ಗ್ಯಾಲಕ್ಸಿಯಿಂದಲೇ ಬ್ಯಾಕಪ್ ಫೈಲು ಇಳಿಸಿದರೆ ಈ ಕಾಟ ಕಡಿಮೆ. ಇನ್‌ಸ್ಟಾಲರಿಗೂ ಜಾಗ ಬೇಕು, ಇನ್‌ಸ್ಟಾಲ್ ಆದ ಗೇಮ್‌ಗೂ ಬೇಕು. 512 ಜಿಬಿ ಎಸ್‌ಎಸ್‌ಡಿ ಇರುವವರು ತುಂಡುಗಳನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲೇ ಇಟ್ಟು ಅಲ್ಲಿಂದಲೇ ನಡೆಸಲಿ. ಡಿಎಲ್‌ಸಿ (ಗೇಮ್‌ಗೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಬೇರೆ ಇನ್‌ಸ್ಟಾಲರಿನಲ್ಲಿ ಬರುತ್ತದೆ: ಮೊದಲು ಮೂಲ ಗೇಮ್, ಆಮೇಲೆ ಡಿಎಲ್‌ಸಿ, ಎರಡರ ಆವೃತ್ತಿ ಸಂಖ್ಯೆಯೂ ಒಂದೇ ಇರಬೇಕು. ಹಳೆ ಗೇಮ್ ಮೇಲೆ ಹೊಸ ಡಿಎಲ್‌ಸಿ ಹಾಕಿದರೆ ಮೆನುವಿನಲ್ಲೇ ಕುಸಿಯುವುದು ಇದೇ ಕಾರಣಕ್ಕೆ.

ಬೆಲೆ ಡಾಲರಿನಲ್ಲಿ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿ, ಮಿತಿ ಕಡಿಮೆ ಇಟ್ಟು, ಕೊಂಡ ಮೇಲೆ ಆಫ್ ಮಾಡಿ. ಆಡಿ ನೋಡಿದ ಮೇಲೂ ಗೇಮ್ ಸರಿಯಾಗಿ ನಡೆಯದಿದ್ದರೆ 30 ದಿನದೊಳಗೆ ದುಡ್ಡು ಮರಳಿ ಕೇಳಬಹುದು. ಹೊಸ ದೊಡ್ಡ ಗೇಮ್‌ಗಳು ಇಲ್ಲಿ ತಡವಾಗಿ ಬರುತ್ತವೆ, ಎಷ್ಟೋ ಬರುವುದೇ ಇಲ್ಲ. ಆದರೂ ವಿಚರ್ 3, ಸೈಬರ್‌ಪಂಕ್ 2077, ಬಾಲ್ಡರ್ಸ್ ಗೇಟ್ 3 ಇವೆ, ಒಂದು ವರ್ಷಕ್ಕೆ ಧಾರಾಳವಾಯಿತು. ಮನೆಯ ಕಪಾಟಿನಲ್ಲಿ ಹಳೆ ಗೇಮ್ ಸಿಡಿಗಳಿದ್ದರೆ, ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ಬೀಗದವು ವಿಂಡೋಸ್ 10ರಿಂದಾಚೆಗೆ ಹಾಗೇ ನಡೆಯುವುದಿಲ್ಲ, ಅದರ ಡ್ರೈವರನ್ನೇ ಮೈಕ್ರೋಸಾಫ್ಟ್ ಕೈಬಿಟ್ಟಿತು. ಅದೇ ಗೇಮ್ ಇಲ್ಲಿ ಸೇಲ್‌ನಲ್ಲಿ ಸಿಕ್ಕರೆ ಕೊಳ್ಳುವುದೇ ಸುಲಭ.

ಯಾವ ಅಂಗಡಿಯದೇ ಆಗಲಿ, ನೆಟ್ ಇದ್ದೂ ಲಾಂಚರ್ ‘ಸಂಪರ್ಕ ಇಲ್ಲ’ ಎಂದರೆ ಮೂಲೆಯ ಗಡಿಯಾರ ನೋಡಿ. ಹಳೆ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ, ಕರೆಂಟ್ ಹೋದಾಗೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ, ಸರ್ವರಿನ ಸರ್ಟಿಫಿಕೇಟ್ ತಾಳೆಯಾಗದೆ ಆಕ್ಟಿವೇಶನ್ ಬೀಳುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವ ಕಂಪ್ಯೂಟರ್ ಅಂಗಡಿಯಲ್ಲಾದರೂ ಸಿಆರ್2032 ಸೆಲ್ ಕೇಳಿ. ಹಾಕಿ, ಬಯೋಸ್‌ನಲ್ಲಿ (ವಿಂಡೋಸ್ ತೆರೆಯುವ ಮೊದಲಿನ ಸೆಟ್ಟಿಂಗ್ಸ್‌ನಲ್ಲಿ) ತಾರೀಖು ಸರಿಮಾಡಿದರೆ ಆಯಿತು.

ನನ್ನ ಲೆಕ್ಕ

ವರ್ಷಕ್ಕೆ ಎರಡೋ ಮೂರೋ ದೊಡ್ಡ ಗೇಮ್, ಒಬ್ಬರೇ ಆಡುವ ಕಥೆಯ ಗೇಮ್, ಅದೂ ಸೇಲ್‌ನಲ್ಲಿ ಎನ್ನುವವರು ಮೊದಲು ಜಿಒಜಿಯಲ್ಲಿ ಹುಡುಕಲಿ. ಸ್ಟೀಮ್‌ಗಿಂತ ನೂರಿನ್ನೂರು ಹೆಚ್ಚಾದರೂ ನಾನು ಅಲ್ಲೇ ಕೊಳ್ಳುವುದು. ಅಲ್ಲಿಲ್ಲದ್ದು ಮಾತ್ರ ಸ್ಟೀಮ್. ಡೆನುವೊ ಇರುವುದನ್ನು ಬಿಡುಗಡೆಯ ವಾರವೇ ಆಡಲೇಬೇಕೆಂದರೆ ಬಾಕಿ ಇರುವ ವಿಂಡೋಸ್ ಅಪ್‌ಡೇಟ್, ಬಯೋಸ್ ಅಪ್‌ಡೇಟ್ ಎಲ್ಲ ಮುಗಿಸಿ, ಆಮೇಲೆ ಫೈಬರ್ ಇರುವ ಗೆಳೆಯನ ಮನೆಯಲ್ಲಿ ಇಳಿಸಿ ಆಕ್ಟಿವೇಟ್ ಮಾಡಿ. ಮೊದಲು ಆಕ್ಟಿವೇಟ್ ಮಾಡಿ ಆಮೇಲೆ ಅಪ್‌ಡೇಟ್ ಹಾಕಿದರೆ ಟಿಕೆಟ್‌ಗೆ ಮತ್ತೆ ಅವನ ಮನೆಗೇ ಹೋಗಬೇಕಾದೀತು.