ಸಿ-ವಿಜಿಲ್ ಆ್ಯಪ್: ಕಣ್ಣು ಚುರುಕು, ಕೈ ಇನ್ನೂ ಉದ್ದವಾಗಬೇಕು

ಚುನಾವಣಾ ಅಕ್ರಮದ ಬಗ್ಗೆ ಜನರೇ ಮೊಬೈಲ್‌ನಿಂದ ದೂರು ಕೊಡಲೆಂದು ಚುನಾವಣಾ ಆಯೋಗ 2018ರಲ್ಲಿ ತಂದ ಸಿ-ವಿಜಿಲ್ ಆ್ಯಪ್‌ನ ದೊಡ್ಡ ಗುಣ, ಅಕ್ರಮ ನಡೆಯುವ ಜಾಗದಲ್ಲೇ ಸಾಕ್ಷ್ಯ ಹಿಡಿಯುವುದು. ಹಣ, ಸೀರೆ, ಮದ್ಯ ಹಂಚುವುದು ಕಂಡರೆ ಆ್ಯಪ್ ತೆರೆದು, ಅದರೊಳಗಿನ ಕ್ಯಾಮೆರಾದಲ್ಲೇ ಫೋಟೊ ಅಥವಾ ಎರಡು ನಿಮಿಷದೊಳಗಿನ ವಿಡಿಯೊ ತೆಗೆಯಬೇಕು. ಜಾಗವನ್ನು ಜಿಪಿಎಸ್ ತಾನೇ ಗುರುತಿಸುತ್ತದೆ. ಗ್ಯಾಲರಿಯ ಹಳೆಯ ಚಿತ್ರ ಹಾಕಲು ಬರುವುದಿಲ್ಲ. ಸುಳ್ಳು ದೂರು ತಡೆಯಲು ಇದೇ ಸರಿ. ಆದರೆ ತೆಗೆದ ಐದು ನಿಮಿಷದೊಳಗೆ ಕಳಿಸಬೇಕು. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಎಡವುವುದು ಇಲ್ಲೇ. ಸಮಯ, ಸ್ಥಳ ಮೊದಲೇ ದಾಖಲಾಗಿರುವಾಗ ಒಂದೆರಡು ಗಂಟೆ ಕೊಟ್ಟರೆ ನಷ್ಟವೇನು?

100 ನಿಮಿಷದಲ್ಲಿ ದೂರು ಇತ್ಯರ್ಥವಾಗಬೇಕೆಂಬ ಗಡುವು ನಿಜಕ್ಕೂ ಮೆಚ್ಚುವಂಥದ್ದು. ಹೆಸರು ಹೇಳದೆಯೂ ದೂರು ಕೊಡಬಹುದು, ಆಗ ಮಾತ್ರ ಅದು ಏನಾಯಿತೆಂದು ತಿಳಿಯುವುದಿಲ್ಲ. ಊರ ದೊಡ್ಡವರಿಗೆ ಹೆದರಿ ಹೆಸರು ಮುಚ್ಚಿಟ್ಟವರಿಗೇ ಈ ಅನ್ಯಾಯ. ಮೊಬೈಲ್ ನಂಬರ್ ಕೇಳದೆ ಒಂದು ದೂರು ಸಂಖ್ಯೆ ಕೊಟ್ಟರೆ ಸಾಕು, ಅದನ್ನೇ ಹಾಕಿ ನೋಡಿಕೊಳ್ಳುತ್ತಾರೆ.

ಆ್ಯಪ್ ಮುಟ್ಟಲಾಗದ ಕೊರತೆ ಕಾನೂನಿನಲ್ಲಿದೆ: ಅಭ್ಯರ್ಥಿಯ ಖರ್ಚಿಗೆ ಮಿತಿಯಿದೆ, ಪಕ್ಷದ ಖರ್ಚಿಗಿಲ್ಲ. ಅದಕ್ಕೂ ಮಿತಿ ಹಾಕಬೇಕು, ಲೆಕ್ಕವನ್ನು ಮತದಾನಕ್ಕೆ ಮೊದಲೇ ಬಹಿರಂಗಪಡಿಸಬೇಕು.