ಅಕ್ರಾಗ್ಲಾಸ್ ಜೆಲ್: ಮನೆಯಲ್ಲೇ ರೈಫಲ್ ಬೆಡ್ಡಿಂಗ್ ಮಾಡಿಕೊಳ್ಳುವವರಿಗೆ

ನನ್ನ ರೆಮಿಂಗ್ಟನ್ 700 ರೈಫಲ್‌ನ ಹಿಡಿ ವಾಲ್‌ನಟ್ ಮರದ್ದು. ಮಿನ್ನೆಸೋಟದ ಬೇಸಿಗೆಯ ತೇವಕ್ಕೆ ಉಬ್ಬಿ, ಚಳಿಗಾಲದ ಒಣಹವೆಗೆ ಕುಗ್ಗುತ್ತದೆ. ಆಕ್ಷನ್, ಅಂದರೆ ಗುಂಡು ತುಂಬಿ ಹಾರಿಸುವ ಲೋಹದ ಭಾಗ, ಮರದೊಳಗೆ ಭದ್ರವಾಗಿ ಕೂರದಿದ್ದರೆ, ಪ್ರತಿ ಗುಂಡಿನ ಒದೆತಕ್ಕೂ ಕೂದಲೆಳೆಯಷ್ಟು ಸರಿದು, ಗುರಿಹಲಗೆಯ ಮೇಲೆ ಗುಂಡುಗಳು ಚದುರುತ್ತವೆ. ಆ ಸಂದನ್ನು ಎಪಾಕ್ಸಿಯಿಂದ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿ, ಆಕ್ಷನ್‌ಗೆ ಅದರದೇ ಅಚ್ಚಿನ ಹಾಸು ಕೊಡುವುದೇ ಬೆಡ್ಡಿಂಗ್. ಇದಕ್ಕೆ ನಾನು ಬಳಸಿದ್ದು ಅಯೋವಾದ ಬ್ರೌನೆಲ್ಸ್ ಕಂಪನಿಯ ಅಕ್ರಾಗ್ಲಾಸ್ ಜೆಲ್.

ಇದೇ ಹೆಸರಿನ ದ್ರವರೂಪದ ಎಪಾಕ್ಸಿಯಲ್ಲಿ ರಾಳಕ್ಕೂ ಅದನ್ನು ಗಟ್ಟಿಯಾಗಿಸುವ ಹಾರ್ಡನರ್‌ಗೂ 4:1 ಪ್ರಮಾಣ. ಜೆಲ್‌ನಲ್ಲಿ ಎರಡೂ ಸಮಪಾಲು. ಅಳತೆ ತಪ್ಪಿದರೆ ಎಪಾಕ್ಸಿ ಸರಿಯಾಗಿ ಗಟ್ಟಿಯಾಗದ ಕಾರಣ, ಮೊದಲ ಸಲ ಕೈಹಾಕುವವರಿಗೆ ಈ ಸರಳತೆಯೇ ದೊಡ್ಡ ಅನುಕೂಲ. ಬೆಣ್ಣೆಯ ಹದದಲ್ಲಿರುವುದರಿಂದ ಇಟ್ಟಲ್ಲೇ ನಿಲ್ಲುತ್ತದೆ, ಬೇಡದ ಕಡೆಗೆ ಹರಿಯುವುದಿಲ್ಲ. ಅಂಚಿನಲ್ಲಿ ಉಕ್ಕಿ ಬಂದದ್ದನ್ನು ಗಟ್ಟಿಯಾಗುವ ಮೊದಲೇ ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಮರದ ಪಾಲಿಶ್ ಹಾಳಾಗಲಿಲ್ಲ.

ಆದರೆ ಎಪಾಕ್ಸಿ ಎಷ್ಟೇ ಚೆನ್ನಾಗಿದ್ದರೂ ಕೆಲಸದ ಮುಕ್ಕಾಲು ಪಾಲು ಡಬ್ಬಿ ತೆರೆಯುವ ಮೊದಲೇ ನಡೆಯಬೇಕು. ಕೋವಿ ಖಾಲಿಯೆಂದು ಎರಡು ಸಲ ನೋಡಿ, ಬೋಲ್ಟ್ (ಗುಂಡನ್ನು ನಳಿಗೆಯೊಳಗೆ ತಳ್ಳಿ ಹಿಂಬದಿ ಮುಚ್ಚುವ ಸರಳು), ಟ್ರಿಗರ್ ಎರಡನ್ನೂ ತೆಗೆದಿಟ್ಟು, ಆಕ್ಷನ್‌ನ ಪ್ರತಿಯೊಂದು ರಂಧ್ರವನ್ನೂ ತಗ್ಗನ್ನೂ ಮಾಡೆಲಿಂಗ್ ಕ್ಲೇಯಿಂದ ಮುಚ್ಚಬೇಕು. ಒಂದು ತಗ್ಗು ಬಿಟ್ಟುಹೋದರೂ ಎಪಾಕ್ಸಿ ಅದರೊಳಗೆ ಬೆಳೆದು ಉಕ್ಕನ್ನೂ ಮರವನ್ನೂ ಬಿಡಿಸಲಾಗದಂತೆ ಹೆಣೆದುಬಿಡುತ್ತದೆ. ಆಕ್ಷನ್‌ನ ಮುಂಭಾಗದಲ್ಲಿ ಕೆಳಕ್ಕೆ ಚಾಚಿಕೊಂಡಿರುವ ಲೋಹದ ತುಂಡಾದ ರಿಕಾಯಿಲ್ ಲಗ್‌ನ ಮುಂಬದಿ, ಎರಡು ಪಕ್ಕ, ತಳಭಾಗಕ್ಕೆ ಟೇಪ್ ಸುತ್ತಿ, ಒದೆತ ತಡೆಯುವ ಹಿಂಬದಿಯನ್ನು ಮಾತ್ರ ಬರಿದಾಗಿ ಬಿಡಬೇಕು. ಬಳಿಕ ಎಪಾಕ್ಸಿ ತಾಗಬಹುದಾದ ಲೋಹದ ಎಲ್ಲ ಭಾಗಕ್ಕೂ, ಸ್ಕ್ರೂಗಳಿಗೂ ಸೇರಿಸಿ, ಎಪಾಕ್ಸಿ ಅಂಟದಂತೆ ತಡೆಯುವ, ಕಿಟ್‌ನೊಂದಿಗೇ ಬರುವ ರಿಲೀಸ್ ಏಜೆಂಟ್ ಹಚ್ಚಿ ಒಣಗಿಸಬೇಕು. ನಾನು ಎರಡು ಲೇಪ ಕೊಟ್ಟೆ, ಅದು ಅತಿಯಾಯಿತೆಂದು ಈಗಲೂ ಅನ್ನಿಸುವುದಿಲ್ಲ. ಎಪಾಕ್ಸಿ ತುಂಬಿ ಆಕ್ಷನ್ ಕೂರಿಸುವಾಗ ಸ್ಕ್ರೂಗಳನ್ನು ಬಲವಾಗಿ ಬಿಗಿಯಬಾರದು. ಬಿಗಿದರೆ ಆಕ್ಷನ್ ಬಾಗಿದ ಸ್ಥಿತಿಯಲ್ಲೇ ಅಚ್ಚು ಮೂಡುತ್ತದೆ.

ಬೆಚ್ಚಗಿನ ಕೋಣೆಯಲ್ಲಿ ಒಂದು ಇಡೀ ದಿನ ಬಿಟ್ಟು, ಮಿಕ್ಕ ಮಿಶ್ರಣಕ್ಕೆ ಉಗುರು ಒತ್ತಿ ಪರೀಕ್ಷಿಸಿದ ಮೇಲೆಯೇ ಬಿಡಿಸಿದೆ. ಒಳಗೆ ಗುಳ್ಳೆಗಳಿಲ್ಲದ, ನುಣುಪಾದ ಅಚ್ಚು ಸಿಕ್ಕಿತು. ಮೊದಲು, ಮುಂದಿನ ಸ್ಕ್ರೂ ಸಡಿಲಿಸುವಾಗ ಹಿಡಿಯ ತುದಿಗೂ ನಳಿಗೆಗೂ ನಡುವೆ ಬೆರಳಿಟ್ಟರೆ ನಳಿಗೆ ಮೇಲೇಳುವುದು ಸ್ಪಷ್ಟವಾಗಿ ತಿಳಿಯುತ್ತಿತ್ತು. ಈಗ ಅಲುಗಾಟವೇ ಇಲ್ಲ. 100 ಗಜದಲ್ಲಿ ಎರಡಂಗುಲ ಚದುರುತ್ತಿದ್ದ ಐದು ಗುಂಡುಗಳು ಈಗ ಒಂದೂಕಾಲು ಅಂಗುಲದೊಳಗೆ ಬೀಳುತ್ತಿವೆ. ನಳಿಗೆಯೇ ಸವೆದಿದ್ದರೆ ಈ ಜೆಲ್‌ನಿಂದ ಪ್ರಯೋಜನವಿಲ್ಲ, ಕೊಳ್ಳುವ ಮೊದಲು ಅದನ್ನು ಪರೀಕ್ಷಿಸಿಕೊಳ್ಳಿ.